ಪದ ಗೊತ್ತಿದೆ, ವಾಕ್ಯ ಹೊರಡುತ್ತಿಲ್ಲ

ಕಂದಾಯದ ಲೆಕ್ಕದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳು ತುಮಕೂರು ಜಿಲ್ಲೆಯ ತಾಲ್ಲೂಕುಗಳು. ಶಿಕ್ಷಣ ಇಲಾಖೆಯ ಲೆಕ್ಕ ಬೇರೆ: ಅಲ್ಲಿ ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಓದಿ ಈಗ ಮೂವತ್ತರ ಆಚೆಗಿರುವವರು ಎಬಿಸಿಡಿ ತಿದ್ದಿದ್ದು ಐದನೇ ಕ್ಲಾಸಿನಲ್ಲಿ. ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವುದು ಶುರುವಾದದ್ದು 2007-08ರಲ್ಲಿ. ಐದರಿಂದ ಹತ್ತರವರೆಗೆ ಆರು ವರ್ಷ ಓದಿ, ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯಾಗಿ ಪಾಸು ಮಾಡಿ, ಪಿಯುಸಿಯಲ್ಲೋ ಡಿಗ್ರಿಯಲ್ಲೋ ಮತ್ತೆ ಕೆಲವು ವರ್ಷ ಅದರ ಜೊತೆ ಏಗಿದವರಿಗೂ ವಸಂತನರಸಾಪುರದ ಕಾರ್ಖಾನೆಯ ಸಂದರ್ಶನದಲ್ಲಿ ಎರಡು ವಾಕ್ಯ ಕೂಡಿ ಬರುವುದು ಕಷ್ಟ. ಏಕೆ ಎಂದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ವರ್ಡ್ಸ್ ಗೊತ್ತಿಲ್ಲ ಸಾರ್.’ ಈ ಮೂರು ಮಾತಿನ ಉತ್ತರದಲ್ಲೇ ಎರಡು ಇಂಗ್ಲಿಷ್ ಪದಗಳಿವೆ. ಪದ ಗೊತ್ತಿಲ್ಲ ಎಂಬ ಈ ರೋಗನಿರ್ಣಯವೇ ತಪ್ಪು, ಅದರಿಂದಾಗಿ ಔಷಧವೂ ತಪ್ಪಿದೆ ಎಂಬುದು ಈ ಲೇಖನದ ವಾದ. ದಿನಕ್ಕೆ ಹತ್ತು ಹೊಸ ಪದ ಉರು ಹೊಡೆಯುವುದು, ನಿಘಂಟಿನ ಎ ಅಕ್ಷರದಿಂದ ಶುರು ಮಾಡಿ ಬಿ ಮುಟ್ಟುವ ಮೊದಲೇ ಕೈಬಿಡುವುದು, ಇವೇ ಆ ಔಷಧ.

ಬೋರ್‌ವೆಲ್ ಮೋಟರ್ ರೀವೈಂಡಿಂಗ್ ಮಾಡುವ ಒಂದು ಅಂಗಡಿಯ ಮಾತನ್ನೇ ತೆಗೆದುಕೊಳ್ಳೋಣ. ಈ ನಾಲ್ಕು ತಾಲ್ಲೂಕುಗಳ ಬೇಸಾಯ ಬಹುಮಟ್ಟಿಗೆ ಕೊಳವೆಬಾವಿಯನ್ನು ನಂಬಿರುವುದರಿಂದ ಅಂಥ ಅಂಗಡಿ ಇಲ್ಲದ ಪೇಟೆಯಿಲ್ಲ. ‘ಸ್ಟಾರ್ಟರ್ ಪದೇ ಪದೇ ಟ್ರಿಪ್ ಆಗ್ತಿದೆ. ಲೋ ವೋಲ್ಟೇಜಲ್ಲಿ ರನ್ ಮಾಡಿದೀರ. ಕಾಯಿಲ್ ಬರ್ನ್ ಆಗಿದೆ, ಬೇರಿಂಗ್ ಚೇಂಜ್ ಮಾಡ್ಬೇಕು.’ ಕೆಲಸಕ್ಕೆ ಬೇಕಾದ ಹೆಸರುಗಳೆಲ್ಲ ಇಂಗ್ಲಿಷಿನವೇ. ಬ್ಯಾಂಕಿನ ಕೌಂಟರಿನಲ್ಲಿ ಅಕೌಂಟ್ ಫ್ರೀಜ್ ಆಗುತ್ತದೆ, ಕೆವೈಸಿ ಅಪ್‌ಡೇಟ್ ಆಗಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಬಿಪಿ ಚೆಕ್ ಮಾಡಿಸಿ ಸ್ಕ್ಯಾನಿಂಗಿಗೆ ಬರೆಸಿಕೊಳ್ಳುತ್ತೇವೆ. ಒಂದು ಸಂಜೆ ಕೂತು ತಮ್ಮ ಬಾಯಲ್ಲಿ ದಿನವೂ ಓಡಾಡುವ ಇಂಗ್ಲಿಷ್ ಪದಗಳನ್ನು ಪಟ್ಟಿ ಮಾಡಿದರೆ, ಶಾಲೆಯ ಮೆಟ್ಟಿಲನ್ನು ಅಷ್ಟಾಗಿ ಹತ್ತದವರಿಗೂ ನೋಟ್‌ಬುಕ್ಕಿನ ಹಲವು ಪುಟ ತುಂಬುತ್ತವೆ. ಆದರೆ ಆ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಬಹುತೇಕ ಎಲ್ಲವೂ ‘ಮಾಡು’, ‘ಆಗು’ ಎಂಬ ಎರಡು ಕನ್ನಡದ ಗೂಟಗಳಿಗೆ ಕಟ್ಟಿಹಾಕಿದವು. ಇಂಗ್ಲಿಷಿನ ಹೆಸರು ನಮ್ಮೊಳಗೆ ಬಂದಿದೆ, ಆ ಹೆಸರನ್ನು ನಡೆಸುವ ಕ್ರಿಯಾಪದವೂ ಜೋಡಿಸುವ ಸಣ್ಣ ಪದಗಳೂ ಬಂದಿಲ್ಲ. ಹೀಗಾಗಿ ಕನ್ನಡ ಬಾರದವರ ಎದುರು ನಿಂತಾಗ ‘ಮೋಟರ್... ಕಾಯಿಲ್... ಬರ್ನ್...’ ಎಂದು ಬಿಡಿ ಪದ ಉದುರುತ್ತವೆಯೇ ಹೊರತು ಮಾತು ಆಗುವುದಿಲ್ಲ.

ಮಾತಿಗೆ ಬೇಕಾದ ಪದಗಳ ಸಂಖ್ಯೆ ನಾವು ಹೆದರುವಷ್ಟು ದೊಡ್ಡದಲ್ಲ. ಅವಿಭಜಿತ ಬಂಗಾಳದ ಢಾಕಾದಲ್ಲಿ ಶಿಕ್ಷಕರ ತರಬೇತಿ ನೀಡುತ್ತಿದ್ದ ಮೈಕೇಲ್ ವೆಸ್ಟ್ ಎಂಬ ಇಂಗ್ಲಿಷ್ ವಿದ್ವಾಂಸ 1953ರಲ್ಲಿ ಸುಮಾರು 2,000 ಪದಗಳ ಒಂದು ಪಟ್ಟಿ ಪ್ರಕಟಿಸಿದ. ಅತಿ ಹೆಚ್ಚು ಬಳಕೆಯಲ್ಲಿರುವ, ಕಲಿಯುವವರಿಗೆ ಮೊದಲು ದಕ್ಕಬೇಕಾದ ಪದಗಳವು. ಪದಸಂಪತ್ತಿನ ಅಧ್ಯಯನದಲ್ಲಿ ದೊಡ್ಡ ಹೆಸರಾದ ನ್ಯೂಜಿಲೆಂಡಿನ ಪಾಲ್ ನೇಷನ್ ಮತ್ತು ಇತರರ ಲೆಕ್ಕಗಳ ಪ್ರಕಾರ ಇಂಥ ಎರಡು ಸಾವಿರ ಮೂಲಪದಗಳು ದಿನನಿತ್ಯದ ಮಾತುಕತೆಯ ಶೇ 90ರ ಆಸುಪಾಸನ್ನು ತುಂಬುತ್ತವೆ. ಇಂಗ್ಲಿಷ್ ಪತ್ರಿಕೆ, ಕಾದಂಬರಿಗಳನ್ನು ಸಲೀಸಾಗಿ ಓದಲು ಎಂಟೊಂಬತ್ತು ಸಾವಿರ ಬೇಕು ಎನ್ನುವುದೂ ಅದೇ ನೇಷನ್ ಅವರ ಲೆಕ್ಕ. ಅದು ಬೇರೆಯ ಗುರಿ, ಬೇರೆಯ ದಾರಿ. ವಾಯ್ಸ್ ಆಫ್ ಅಮೆರಿಕ ಬಾನುಲಿ 1959ರಲ್ಲಿ ಆರಂಭಿಸಿದ ‘ಸ್ಪೆಷಲ್ ಇಂಗ್ಲಿಷ್’ ಪ್ರಸಾರ ಸುಮಾರು 1,500 ಪದಗಳೊಳಗೆ, ನಿಧಾನಗತಿಯಲ್ಲಿ, ಜಗತ್ತಿನ ಸುದ್ದಿಯನ್ನೆಲ್ಲ ಓದಿತು. ಯುದ್ಧ, ಚುನಾವಣೆ, ವಿಜ್ಞಾನ ಎಲ್ಲವೂ ಆ ಒಂದೂವರೆ ಸಾವಿರದಲ್ಲಿ ಹಿಡಿದವು ಎಂದಮೇಲೆ ಒಂದು ಅಂಗಡಿಯ, ಒಂದು ಕಚೇರಿಯ ವ್ಯವಹಾರ ಹಿಡಿಯದೇ?

ಹಾಗಾದರೆ ಪದಗಳಿದ್ದೂ ಮಾತು ತಡವರಿಸುವುದು ಏಕೆ? ನಿರರ್ಗಳವಾಗಿ ಮಾತಾಡುವವರು ವಾಕ್ಯವನ್ನು ಪದದಿಂದ ಪದಕ್ಕೆ ಕಟ್ಟುತ್ತಾ ಹೋಗುವುದಿಲ್ಲ. ಅರ್ಧ ಕಟ್ಟಿಟ್ಟ ಸಾವಿರಾರು ತುಂಡುಗಳು ಅವರ ನಾಲಿಗೆಯ ತುದಿಯಲ್ಲಿ ಇರುತ್ತವೆ. ಆಂಡ್ರ್ಯೂ ಪಾಲಿ ಮತ್ತು ಫ್ರಾನ್ಸಿಸ್ ಸೈಡರ್ ಎಂಬ ಇಬ್ಬರು ಭಾಷಾವಿಜ್ಞಾನಿಗಳು 1983ರಲ್ಲಿ ಈ ಮಾತನ್ನು ಸಾಧಾರವಾಗಿ ಮುಂದಿಟ್ಟರು. ಕನ್ನಡದಲ್ಲಿ ‘ಊಟ ಆಯ್ತಾ’, ‘ಬರ್ತೀನಿ ಹಾಗಾದ್ರೆ’, ‘ಅದೇನೋ ಸರಿ, ಆದ್ರೆ’ ಎನ್ನುವಾಗ ನಾವೂ ವ್ಯಾಕರಣ ಯೋಚಿಸುವುದಿಲ್ಲ. ಇಂಗ್ಲಿಷಿನಲ್ಲೂ ಅಂಥ ಒಂದು ವಾಕ್ಯ ಈ ಸೀಮೆಯ ಪ್ರತಿಯೊಬ್ಬರಿಗೂ ಕಂಠಪಾಠವಾಗಿದೆ: ‘ದ ನಂಬರ್ ಯೂ ಆರ್ ಟ್ರೈಯಿಂಗ್ ಟು ಕಾಲ್ ಈಸ್ ಸ್ವಿಚ್ಡ್ ಆಫ್.’ ಫೋನಿನಲ್ಲಿ ನೂರಾರು ಸಲ ಕೇಳಿದ್ದರಿಂದ ಹತ್ತು ವರ್ಷದ ಹುಡುಗನೂ ಇದನ್ನು ಒಂದೇ ಉಸಿರಿಗೆ ಹೇಳಬಲ್ಲ. ವ್ಯಾಕರಣದ ದೃಷ್ಟಿಯಿಂದ ಇದು ಸುಲಭದ ವಾಕ್ಯವೇನಲ್ಲ. ವಾಕ್ಯದೊಳಗೊಂದು ವಾಕ್ಯ ಸೇರಿಕೊಂಡಿದೆ, ಶಾಲೆಯಲ್ಲಿ ಇದನ್ನು ಕಲಿಸುವ ಹೊತ್ತಿಗೆ ಅರ್ಧ ತರಗತಿ ಆಸೆ ಬಿಟ್ಟಿರುತ್ತದೆ. ಈಗ ಅದರಲ್ಲಿ ಮೂರೇ ಕಡೆ ಪದ ಬದಲಿಸಿ: ‘ದ ಪರ್ಸನ್ ಯೂ ಆರ್ ಟ್ರೈಯಿಂಗ್ ಟು ಮೀಟ್ ಈಸ್ ಆನ್ ಲೀವ್.’ ನೀವು ಭೇಟಿಯಾಗಲು ಬಂದವರು ರಜೆಯಲ್ಲಿದ್ದಾರೆ. ಕಾರ್ಖಾನೆಯ ಗೇಟಿನಲ್ಲಿ ನಿಲ್ಲುವ ಸೆಕ್ಯುರಿಟಿಯವರಿಗೆ ದಿನಕ್ಕೆ ನಾಲ್ಕು ಸಲ ಬೇಕಾಗುವ ವಾಕ್ಯವಿದು. ಉಚ್ಚಾರ, ಪದಗಳ ಕ್ರಮ, ‘ದ’ ಎಲ್ಲಿ ಬರಬೇಕು ಎಂಬುದು, ಎಲ್ಲವೂ ಪುಕ್ಕಟೆಯಾಗಿ ಬಂದವು. ವಯಸ್ಕರು ಇಂಗ್ಲಿಷ್ ಕಲಿಯಬೇಕಾದದ್ದು ಹೀಗೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಕಾಣದು.

ಇದನ್ನು ಕಾರ್ಯಕ್ಕಿಳಿಸುವುದು ಹೇಗೆ? ಮತ್ತೆ ಆ ರೀವೈಂಡಿಂಗ್ ಅಂಗಡಿಗೇ ಹೋಗೋಣ. ಬೆಂಗಳೂರಿನಿಂದ ಬಂದು ಕೊರಟಗೆರೆಯ ಹತ್ತಿರ ತೋಟ ಕೊಂಡ, ಕನ್ನಡ ಬಾರದ ಒಬ್ಬರು ಮೋಟರ್ ತಂದಿದ್ದಾರೆ ಎಂದಿಟ್ಟುಕೊಳ್ಳಿ. ಮೆಕ್ಯಾನಿಕ್ ಅವರಿಗೆ ಹೇಳಬೇಕಾದದ್ದು ನಾಲ್ಕು ಮಾತು. ಕಾಯಿಲ್ ಸುಟ್ಟಿದೆ: ‘ದ ಕಾಯಿಲ್ ಹ್ಯಾಸ್ ಬರ್ನ್ಟ್ ಔಟ್.’ ರೀವೈಂಡ್ ಮಾಡಬೇಕು: ‘ಐ ಹ್ಯಾವ್ ಟು ರೀವೈಂಡ್ ಇಟ್.’ ಎರಡು ದಿನ ಆಗುತ್ತೆ: ‘ಇಟ್ ವಿಲ್ ಟೇಕ್ ಟೂ ಡೇಸ್.’ ಟೂ ಫೇಸಲ್ಲಿ ಓಡಿಸಬೇಡಿ: ‘ಡೋಂಟ್ ರನ್ ಇಟ್ ಆನ್ ಟೂ ಫೇಸಸ್.’ ನೋಟ್‌ಬುಕ್ಕಿನ ಎಡಕ್ಕೆ ತಾವು ದಿನವೂ ಆಡುವ ಕನ್ನಡದ ಮಾತು, ಬಲಕ್ಕೆ ಇಂಗ್ಲಿಷಿನ ಪೂರ್ತಿ ವಾಕ್ಯ. ಬಳಿಕ ಪ್ರತಿ ವಾಕ್ಯದ ಕೆಳಗೆ ಎರಡು ಮೂರು ಗೆರೆ ಜಾಗ ಬಿಟ್ಟು ಅದೇ ಅಚ್ಚಿನಲ್ಲಿ ಬೇರೆ ವಾಕ್ಯ ಹೊಯ್ಯಬೇಕು. ‘ಇಟ್ ವಿಲ್ ಟೇಕ್’ ಎಂಬುದರ ಮುಂದೆ ಎರಡು ಗಂಟೆ, ಒಂದು ವಾರ, ಸ್ವಲ್ಪ ಹೊತ್ತು. ‘ಐ ಹ್ಯಾವ್ ಟು’ ಎಂಬುದರ ಮುಂದೆ ಬೇರಿಂಗ್ ಬದಲಿಸುವುದು, ಸ್ಟಾರ್ಟರ್ ನೋಡುವುದು, ಲೈನ್‌ಮನ್‌ಗೆ ಫೋನ್ ಮಾಡುವುದು. ನಾಲ್ಕು ಅಚ್ಚುಗಳಲ್ಲಿ ಹದಿನೈದಿಪ್ಪತ್ತು ವಾಕ್ಯ ಆಯಿತು, ಹೊಸದಾಗಿ ಕಲಿತ ಪದ ಬೆರಳೆಣಿಕೆಯಷ್ಟು. ಗಾರ್ಮೆಂಟ್ಸ್ ಕಾರ್ಖಾನೆಯ ಸೂಪರ್‌ವೈಸರ್, ಔಷಧಿ ಅಂಗಡಿಯವರು, ಶಿರಾದ ಹೆದ್ದಾರಿ ಬದಿಯಲ್ಲಿ ಲಾಡ್ಜ್ ನಡೆಸುವವರು ತಂತಮ್ಮ ನಾಲ್ಕು ಮಾತುಗಳನ್ನು ತಾವೇ ಆರಿಸಿಕೊಳ್ಳಬೇಕು. ಪುಸ್ತಕದಂಗಡಿಯಲ್ಲಿ ಸಿಗುವ ‘ರೈಲ್ವೆ ನಿಲ್ದಾಣದಲ್ಲಿ’, ‘ದರ್ಜಿಯ ಅಂಗಡಿಯಲ್ಲಿ’ ಎಂಬ ಸಿದ್ಧ ಸಂಭಾಷಣೆಗಳ ಕೊರತೆಯೇ ಇದು: ಅವು ಎಲ್ಲರಿಗಾಗಿ ಬರೆದವು, ಹೀಗಾಗಿ ನಿಮಗೆ ನಾಳೆ ಬೆಳಗ್ಗೆ ಬೇಕಾಗುವ ಮಾತು ಅವುಗಳಲ್ಲಿ ಸಿಗುವುದು ಅಪರೂಪ. ವಾಕ್ಯ ಸರಿಯಿದೆಯೇ ಎಂಬ ಅನುಮಾನವಿದ್ದರೆ ಶಾಲೆಯ ಇಂಗ್ಲಿಷ್ ಮೇಷ್ಟ್ರನ್ನೋ ಕಾಲೇಜಿಗೆ ಹೋಗುವ ಮಗಳನ್ನೋ ಕೇಳಿ. ಫೋನಿನ ಅನುವಾದವನ್ನು ಕೇಳಿದರೂ ಸರಿ, ಅದು ಬಿಡಿ ಪದಕ್ಕಿಂತ ಪೂರ್ತಿ ವಾಕ್ಯ ಕೊಟ್ಟಾಗ ಹೆಚ್ಚು ಸರಿಯಾದ ಉತ್ತರ ಕೊಡುತ್ತದೆ.

ಇಂಗ್ಲಿಷ್ ವಾಕ್ಯವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದನ್ನು ಮೇಷ್ಟ್ರುಗಳು ಒಪ್ಪುವುದಿಲ್ಲ. ಆರಂಭದ ಕೆಲವು ತಿಂಗಳಿಗೆ ಅದು ತಪ್ಪಲ್ಲ, ಆದರೆ ಅವರ ಆತಂಕಕ್ಕೂ ಆಧಾರವಿದೆ. ಕನ್ನಡದ ಬಾಯಿ ಪದದ ಕೊನೆಯಲ್ಲಿ ಒಂದು ಸ್ವರವನ್ನು ಬಯಸುತ್ತದೆ, ಬಸ್ಸು, ಬ್ಯಾಂಕು, ಲೈಟು. ಪದದ ಮೊದಲಲ್ಲಿ ಎಕಾರ ಬಂದರೆ ಯಕಾರ, ಒಕಾರ ಬಂದರೆ ವಕಾರ ನುಸುಳುತ್ತದೆ. ನಮ್ಮ ನಮ್ಮಲ್ಲಿ ಇದು ಚಂದವೇ. ಹೊರಗಿನವರಿಗೆ ಮಾತ್ರ ಗೊತ್ತಿರುವ ಪದವೂ ಗುರುತು ಸಿಗದಂತಾಗುತ್ತದೆ. ಆದ್ದರಿಂದ ಬರೆದುಕೊಂಡ ಪ್ರತಿ ವಾಕ್ಯವನ್ನು ಫೋನಿನಿಂದ ಓದಿಸಿ ಕೇಳಬೇಕು, ಆಮೇಲೆ ಫೋನಿಗೇ ಹೇಳಬೇಕು. ಬೆರಳಚ್ಚಿನ ಬದಲು ಧ್ವನಿಯಿಂದ ಬರೆಸುವ ಸೌಲಭ್ಯ ಈಗ ಎಲ್ಲ ಸ್ಮಾರ್ಟ್‌ಫೋನಿನಲ್ಲೂ ಇದೆ. ನೀವು ಹೇಳಿದ್ದು ಪರದೆಯ ಮೇಲೆ ಸರಿಯಾಗಿ ಮೂಡಿದರೆ ಮನುಷ್ಯರಿಗೂ ಅರ್ಥವಾಗುತ್ತದೆ. ಲಂಡನ್ನಿನವರ ಹಾಗೆ ಮಾತಾಡುವ ಹಂಬಲ ಬೇಕಿಲ್ಲ. 2011ರ ಜನಗಣತಿಯಲ್ಲಿ ಇಂಗ್ಲಿಷ್ ಬರುತ್ತದೆ ಎಂದವರು ದೇಶದಲ್ಲಿ ಸುಮಾರು 13 ಕೋಟಿ, ಅದು ತಾಯ್ನುಡಿ ಎಂದವರು ಎರಡೂವರೆ ಲಕ್ಷ ಚಿಲ್ಲರೆ. ನೀವು ಇಂಗ್ಲಿಷಿನಲ್ಲಿ ಮಾತಾಡಬೇಕಾಗಿರುವುದು ನಿಮ್ಮ ಹಾಗೆಯೇ ಅದನ್ನು ಕಲಿತವರ ಜೊತೆ.

ಕಲಿತದ್ದು ಉಳಿಯುವುದು ಹೇಗೆ ಎಂಬುದಕ್ಕೆ ಹಳೆಯ, ಗಟ್ಟಿಯಾದ ಪುರಾವೆ ಇದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ ಪುಸ್ತಕದ ಸಾರ ಇಷ್ಟು: ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ಒಂದೆರಡು ದಿನದಲ್ಲೇ ಮರೆತುಹೋಗುತ್ತದೆ, ನಂತರ ಮರೆವು ನಿಧಾನವಾಗುತ್ತದೆ, ಅಂತರ ಬಿಟ್ಟು ಮತ್ತೆ ಮತ್ತೆ ನೋಡಿದ್ದು ಒಂದೇ ಕೂರಿಕೆಯಲ್ಲಿ ನೋಡಿದ್ದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನವೂ ಇಪ್ಪತ್ತೈದು ನಿಮಿಷ ಲಾಭ ಎಂಬುದು ಇದರ ಅರ್ಥ. ಹಳೆಯ ಲಗ್ನಪತ್ರಿಕೆಯ ಹಿಂಬದಿಯನ್ನು ಬೆರಳುದ್ದದ ಚೀಟಿಗಳಾಗಿ ಕತ್ತರಿಸಿ, ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಇಂಗ್ಲಿಷ್ ಬರೆದು ಮೂರು ಲಕೋಟೆಗಳಲ್ಲಿ ಇಟ್ಟುಕೊಳ್ಳಿ. ಮೊದಲ ಲಕೋಟೆ ದಿನವೂ ನೋಡುವುದಕ್ಕೆ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರ ಹತ್ತು ದಿನಕ್ಕೊಮ್ಮೆ. ನೆನಪಾದ ಚೀಟಿ ಮುಂದಿನ ಲಕೋಟೆಗೆ ಹೋಗುತ್ತದೆ, ತಪ್ಪಿದ್ದು ಮೊದಲಿನದಕ್ಕೇ ವಾಪಸ್. ಕನ್ನಡದ ಬದಿ ನೋಡಿ ಇಂಗ್ಲಿಷ್ ಹೇಳುವುದು ಮುಖ್ಯ; ಇಂಗ್ಲಿಷ್ ಬದಿ ನೋಡಿ ‘ಹೌದು, ಇದು ಗೊತ್ತು’ ಎಂದು ತಲೆಯಾಡಿಸುವುದು ನಮಗೆ ನಾವೇ ಮೋಸ ಮಾಡಿಕೊಂಡ ಹಾಗೆ. ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರಿನಷ್ಟು ದಾರಿ, ಬಸ್ಸಿನಲ್ಲಿ ಕೂತವರಿಗೆ ಲಕೋಟೆ ತೆಗೆಯಲು ಬೇಕಾದಷ್ಟು ಪುರುಸೊತ್ತಿದೆ.

ನೆನಪಿಟ್ಟುಕೊಂಡದ್ದು ಬಾಯಿಗೆ ಸಲೀಸಾಗುವುದು ಬೇರೆಯೇ ಕೆಲಸ. ಅದಕ್ಕೆ ನೇಷನ್ ಅವರು ಪರೀಕ್ಷಿಸಿ ನೋಡಿದ ಒಂದು ಅಭ್ಯಾಸವಿದೆ, ಖರ್ಚಿಲ್ಲದ್ದು. ಒಂದೇ ವಿಷಯವನ್ನು ಮೊದಲು ನಾಲ್ಕು ನಿಮಿಷ ಮಾತಾಡಬೇಕು, ಅದನ್ನೇ ಮತ್ತೆ ಮೂರು ನಿಮಿಷದಲ್ಲಿ, ಮತ್ತೆ ಎರಡು ನಿಮಿಷದಲ್ಲಿ. ಮೂಲ ಪ್ರಯೋಗದಲ್ಲಿ ಪ್ರತಿ ಸಲವೂ ಕೇಳುವವರು ಬದಲಾಗುತ್ತಿದ್ದರು. ಮನೆಯಲ್ಲಿ ಅದಾಗದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೂ ನಡೆಯುತ್ತದೆ. ಮೂರನೆಯ ಸಲಕ್ಕೆ ತಡವರಿಕೆ ಕಡಿಮೆಯಾಗಿ ವೇಗ ಹೆಚ್ಚಿದ್ದು ಪ್ರಯೋಗದಲ್ಲಿ ಕಂಡಿತು. ನಮ್ಮ ತಪ್ಪು ತಿಳಿವಳಿಕೆ ಏನೆಂದರೆ, ದಿನವೂ ಹೊಸ ವಿಷಯದ ಮೇಲೆ ಮಾತಾಡಿದರೆ ಪ್ರಗತಿ ಎಂದು. ನಿಜಕ್ಕೂ ಹಳೆಯ ವಿಷಯದ ಮೇಲೆಯೇ ಮಾತಾಡಬೇಕು, ಬೇಸರ ಬರುವವರೆಗೆ. ‘ನನ್ನ ಕೆಲಸ ಏನು’ ಎಂಬುದನ್ನು ಎರಡು ನಿಮಿಷ ತಡೆಯಿಲ್ಲದೆ ಹೇಳಲು ಬಂದವರು ಸಂದರ್ಶನದ ಮೊದಲ ಪ್ರಶ್ನೆ ಗೆದ್ದಂತೆ.

ಇಲ್ಲಿಗೆ ಬರುವ ಮೊದಲ ಆಕ್ಷೇಪ ವಯಸ್ಸಿನದು. ಮಕ್ಕಳಿಗಾದರೆ ಭಾಷೆ ಹತ್ತುತ್ತದೆ, ನಲವತ್ತಕ್ಕೆ ಎಲ್ಲಿ ಹತ್ತೀತು? ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಸುಮಾರು 6.7 ಲಕ್ಷ ಜನರ ಇಂಗ್ಲಿಷ್ ಜ್ಞಾನವನ್ನು ಅಂತರಜಾಲದಲ್ಲಿ ಪರೀಕ್ಷಿಸಿ 2018ರಲ್ಲಿ ಅಮೆರಿಕದ ಮೂವರು ಸಂಶೋಧಕರು ಪ್ರಕಟಿಸಿದ ಅಧ್ಯಯನ, ವ್ಯಾಕರಣವನ್ನು ಕರಗತ ಮಾಡಿಕೊಳ್ಳುವ ಶಕ್ತಿ ಹದಿನೇಳು ಹದಿನೆಂಟರ ನಂತರ ಕುಗ್ಗುತ್ತದೆ ಎನ್ನುತ್ತದೆ. ಆದರೆ ಅಲ್ಲಿ ಕೇಳಿದ ಪ್ರಶ್ನೆ, ತಾಯ್ನುಡಿಯವರಷ್ಟೇ ಪರಿಪೂರ್ಣತೆ ಯಾವಾಗ ಸಾಧ್ಯ ಎಂಬುದು. ಕೆಲಸಕ್ಕೆ ಬೇಕಾದಷ್ಟು ಭಾಷೆಯ ಪ್ರಶ್ನೆ ಅದಲ್ಲ. ಹಾಲೆಂಡಿಗೆ ಹೋಗಿ ನೆಲೆಸಿದ ಇಂಗ್ಲಿಷ್ ಕುಟುಂಬಗಳು ಡಚ್ ಕಲಿತ ಬಗೆಯನ್ನು ನೋಡಿದ 1978ರ ಒಂದು ಅಧ್ಯಯನದಲ್ಲಿ, ಮೊದಲ ತಿಂಗಳುಗಳಲ್ಲಿ ಮುಂದಿದ್ದವರು ಹದಿಹರೆಯದವರು ಮತ್ತು ವಯಸ್ಕರು. ಹಿಂದೆ ಬಿದ್ದವರು ಮೂರರಿಂದ ಐದು ವರ್ಷದ ಮಕ್ಕಳು. ಅಷ್ಟು ದೂರ ಹೋಗುವುದೇಕೆ, ಪಾವಗಡವನ್ನು ಹೆಚ್ಚುಕಡಿಮೆ ಸುತ್ತಲೂ ಆಂಧ್ರದ ಸೀಮೆ ಬಳಸಿಕೊಂಡಿದೆ. ಮಡಕಶಿರಾ ಕಡೆ ಕನ್ನಡ ಮಾತಾಡುವ ಊರುಗಳಿವೆ, ಪಾವಗಡದ ಕಡೆ ತೆಲುಗು ಮನೆಮಾತಾದ ಊರುಗಳಿವೆ, ನಡುವೆ ಕೊಡುಕೊಳ್ಳುವ ಸಂಬಂಧವಿದೆ. ಇಪ್ಪತ್ತು ದಾಟಿದ ಮೇಲೆ ಸೊಸೆಯಾಗಿ ಬಂದ ಹೆಣ್ಣುಮಗಳು ಗಂಡನ ಮನೆಯ ಭಾಷೆಯನ್ನು ಕಲಿಯುತ್ತಾಳೆ. ಯಾರೂ ಅವಳಿಗೆ ವ್ಯಾಕರಣ ಹೇಳುವುದಿಲ್ಲ. ನೀರು ಬಂತಾ, ಹಾಲು ಕರೆದಾಯ್ತಾ, ಮಗು ಮಲಗಿತಾ ಎಂಬ ಅವೇ ಮಾತು ಅದೇ ಹೊತ್ತಿಗೆ ದಿನವೂ ಕಿವಿಗೆ ಬೀಳುತ್ತವೆ, ಉತ್ತರ ಕೊಡದೆ ವಿಧಿಯಿಲ್ಲ. ಚಿಕ್ಕ ಆವರಣ, ಪದೇ ಪದೇ ಬರುವ ವಾಕ್ಯ, ನಿಜವಾದ ಅಗತ್ಯ ಮೂರೂ ಕೂಡಿದಾಗ ವಯಸ್ಸು ದೊಡ್ಡ ಅಡ್ಡಿಯಾಗುವುದಿಲ್ಲ.

ತೆಲುಗು ಮತ್ತು ಕನ್ನಡ ಒಂದೇ ಮನೆತನದ ಭಾಷೆಗಳು, ವಾಕ್ಯದ ಕ್ರಮವೂ ಒಂದೇ, ಇಂಗ್ಲಿಷಿಗೆ ಆ ಮಾತು ಹೊಂದುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದು ನ್ಯಾಯವಾದ ಆಕ್ಷೇಪ. ಎಷ್ಟು ದೂರ ಎಂಬುದನ್ನು ಅಳೆಯಲು ಒಂದು ಅಂಕಿ ಇದೆ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆಯ ಲೆಕ್ಕದಲ್ಲಿ ಇಂಗ್ಲಿಷ್ ತಾಯ್ನುಡಿಯವರು ತೆಲುಗನ್ನೋ ತಮಿಳನ್ನೋ ವೃತ್ತಿಗೆ ಬೇಕಾದ ಮಟ್ಟಕ್ಕೆ ಕಲಿಯಲು ಸುಮಾರು 1,100 ಗಂಟೆಗಳ ತರಗತಿ ಬೇಕು. ಪಾವಗಡದ ಮಕ್ಕಳಿಗೆ ಬೀದಿಯಲ್ಲಿ ಸಿಗುವ ಭಾಷೆಗೆ ಅಮೆರಿಕದವರು ತೆರುವ ಬೆಲೆ ಅದು. ಕನ್ನಡದಿಂದ ಇಂಗ್ಲಿಷಿಗೆ ಹೋಗುವ ದಾರಿಯೂ ಅದಕ್ಕಿಂತ ಹತ್ತಿರವಿರಲು ಕಾರಣವಿಲ್ಲ. ದಿನಕ್ಕೊಂದು ಗಂಟೆಯಂತೆ ಮೂರು ವರ್ಷ. ನಮ್ಮ ಪಾಲಿಗೆ ಇರುವ ರಿಯಾಯಿತಿ ಎರಡು: ನೂರಾರು ಪದಗಳು ಆಗಲೇ ನಮ್ಮಲ್ಲಿವೆ, ಶಾಲೆಯ ಆರು ವರ್ಷ ಪೂರ್ತಿ ವ್ಯರ್ಥವಾಗಿಲ್ಲ. ಕೆಲಸದ ಆವರಣದೊಳಗೆ ಧೈರ್ಯವಾಗಿ ಮಾತಾಡುವುದು ಆರೆಂಟು ತಿಂಗಳ ನಿಯಮಿತ ಅಭ್ಯಾಸದಿಂದ ಸಾಧ್ಯ ಎಂಬುದು ನನ್ನ ಅಂದಾಜು. ಯಾವ ವಿಷಯ ಬಂದರೂ ಮಾತಾಡುವುದಕ್ಕೆ ವರ್ಷಗಳೇ ಬೇಕು. ಮೂವತ್ತು ದಿನದಲ್ಲಿ ಇಂಗ್ಲಿಷ್ ಎನ್ನುವ ಪುಸ್ತಕಗಳ ಹೊದಿಕೆಯನ್ನು ನಂಬಬೇಡಿ. ಒಳಗಿನ ವಾಕ್ಯಗಳು ಕೆಲಸಕ್ಕೆ ಬಂದಾವು.

ಇನ್ನು ವಾತಾವರಣದ ಮಾತು. ‘ನಮ್ಮೂರಲ್ಲಿ ಇಂಗ್ಲಿಷ್ ಮಾತಾಡೋರು ಯಾರಿದಾರೆ?’ ನಿಜ, ಹೆಚ್ಚು ಜನ ಇಲ್ಲ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ, 2,050 ಮೆಗಾವಾಟ್ ಸಾಮರ್ಥ್ಯದ ಪಾವಗಡ ಸೋಲಾರ್ ಪಾರ್ಕಿನಂಥ ಕಡೆಯೂ ಹೊರರಾಜ್ಯದವರ ಜೊತೆ ಮಾತು ಸಾಗುವುದಕ್ಕೆ ಹಿಂದಿಯೇ ಹೆಚ್ಚು ಒದಗುತ್ತದೆ. ಉರ್ದು ಮನೆಮಾತಾಗಿರುವ ಶಿರಾದ ಕುಟುಂಬಗಳಿಗೆ ಇದರಲ್ಲಿ ಒಂದು ಹೆಜ್ಜೆ ಅನುಕೂಲ. ಆದರೆ ವರದಿ, ಕೈಪಿಡಿ, ಸುರಕ್ಷತೆಯ ಫಲಕ ಬಂದಾಗ ಇಂಗ್ಲಿಷೇ. ಮಾತಾಡುವ ಇಂಗ್ಲಿಷ್ ವಿರಳ, ಬರೆದ ಇಂಗ್ಲಿಷ್ ಎಲ್ಲೆಲ್ಲೂ ಇದೆ, ನಾವು ಅದನ್ನು ಪಾಠವೆಂದು ನೋಡಿಲ್ಲ ಅಷ್ಟೆ. ಕೆಮ್ಮಿನ ಔಷಧಿಯ ಬಾಟಲಿಯ ಮೇಲೆ ‘ಶೇಕ್ ವೆಲ್ ಬಿಫೋರ್ ಯೂಸ್’, ಮಾತ್ರೆಯ ಪಟ್ಟಿಯ ಮೇಲೆ ‘ಸ್ಟೋರ್ ಇನ್ ಎ ಕೂಲ್, ಡ್ರೈ ಪ್ಲೇಸ್’, ಕೀಟನಾಶಕದ ಡಬ್ಬಿಯ ಮೇಲೆ ‘ಕೀಪ್ ಔಟ್ ಆಫ್ ದ ರೀಚ್ ಆಫ್ ಚಿಲ್ಡ್ರನ್’, ಎಟಿಎಮ್ಮಿನಲ್ಲಿ ‘ಪ್ಲೀಸ್ ಕಲೆಕ್ಟ್ ಯುವರ್ ಕ್ಯಾಶ್’. ನಮ್ಮ ಮಾತಿನಲ್ಲಿ ಕಾಣೆಯಾಗಿರುವ ಕ್ರಿಯಾಪದಗಳು ಇಲ್ಲೇ ಕೂತಿವೆ. ಕೀಟನಾಶಕದ ಡಬ್ಬಿಯನ್ನಂತೂ ಇಂಗ್ಲಿಷ್ ಕಲಿಯುವ ಆಸೆಯಿಲ್ಲದವರೂ ಓದಬೇಕು. ಕೇಳುವುದಕ್ಕೆ, ನಿಧಾನವಾಗಿ ಆಡುವ, ನೂರಕ್ಕೆ ತೊಂಬತ್ತು ಅರ್ಥವಾಗುವ ಧ್ವನಿಮುದ್ರಣ ಆರಿಸಿಕೊಳ್ಳಿ. ಬಿಬಿಸಿಯ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಒಂದು ಹದ, ಆಕಾಶವಾಣಿಯ ಇಂಗ್ಲಿಷ್ ವಾರ್ತೆ ಅದರ ಮುಂದಿನ ಮೆಟ್ಟಿಲು. ಅದೇ ವಾರ್ತೆಯನ್ನು ಮೊದಲು ಕನ್ನಡದಲ್ಲಿ ಕೇಳಿ ಆಮೇಲೆ ಇಂಗ್ಲಿಷಿನಲ್ಲಿ ಕೇಳಿದರೆ ಅರ್ಥಕ್ಕಾಗಿ ತಿಣುಕಬೇಕಾಗಿಲ್ಲ, ಮಾತಿನ ಜೋಡಣೆಗೆ ಕಿವಿ ಕೊಡಬಹುದು.

ವ್ಯಾಕರಣ ಬೇಡವೇ? ಬೇಕು, ಆದರೆ ಕೊನೆಗೆ, ಸ್ವಲ್ಪ. ಈ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಿದ ಒಂದು ಪ್ರಯೋಗ ನಮ್ಮ ರಾಜಧಾನಿಯ ಹೆಸರಿನಲ್ಲೇ ಇದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು, ಬೆಂಗಳೂರಿನಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನಂಟಿನಲ್ಲಿ, ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ವ್ಯಾಕರಣದ ಪಾಠವನ್ನು ಬದಿಗಿಟ್ಟು ಇಂಗ್ಲಿಷ್ ಕಲಿಸಿದರು. ವೇಳಾಪಟ್ಟಿ ನೋಡಿ ರೈಲು ಆರಿಸುವುದು, ನಕ್ಷೆ ನೋಡಿ ದಾರಿ ಹೇಳುವುದು, ಇಂಥ ಕೆಲಸಗಳನ್ನು ಮಕ್ಕಳು ಇಂಗ್ಲಿಷಿನಲ್ಲಿ ಮಾಡಿ ಮುಗಿಸಬೇಕಿತ್ತು. ಗಮನ ಅರ್ಥದ ಮೇಲಿದ್ದಾಗ ಭಾಷೆಯ ರೂಪ ತಾನಾಗಿ ಕೂಡಿಬರುತ್ತದೆ ಎಂಬುದು ಅವರ ನಿಲುವು. ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾದ ಇದು ಇಂದಿಗೂ ಬೇರೆ ಬೇರೆ ದೇಶಗಳ ಶಿಕ್ಷಕರ ಪಠ್ಯಗಳಲ್ಲಿ ಬರುತ್ತದೆ. ಹೊರಗಿನವರು ಮಾಡಿದ ಮೌಲ್ಯಮಾಪನದಲ್ಲಿ ವ್ಯಾಕರಣದ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳು ಮುಂದಿದ್ದರು, ಭಾಷೆ ಬಳಸಿ ಕೆಲಸ ಸಾಧಿಸುವುದರಲ್ಲಿ ಪ್ರಭು ಅವರ ಮಕ್ಕಳು ಮುಂದಿದ್ದರು. ಅದನ್ನು ಓದಿ ನಾನು ಕಟ್ಟಿಕೊಂಡ ತೀರ್ಮಾನ ಇದು: ಮೊದಲು ವಾಕ್ಯಗಳು ಬಾಯಿಗೆ ಬರಲಿ, ನಂತರ ಹೆಚ್ಚು ಕಾಡುವ ನಾಲ್ಕಾರು ತಪ್ಪುಗಳನ್ನಷ್ಟೇ ವ್ಯಾಕರಣದಿಂದ ತಿದ್ದಿಕೊಳ್ಳಿ. ಕನ್ನಡಿಗರಲ್ಲಿ ಅವು ಯಾವುವೆಂದು ಊಹಿಸುವುದು ಕಷ್ಟವಲ್ಲ. ‘ಡಿಡ್ ನಾಟ್’ ಬಂದಮೇಲೆ ‘ವೆಂಟ್’ ಎನ್ನುವುದು, ಪ್ರಶ್ನೆಯಲ್ಲಿ ‘ಡು’, ‘ಡಸ್’ ಬಿಟ್ಟುಬಿಡುವುದು, ‘ಹಿ’, ‘ಶಿ’ ಬಂದಾಗ ಕ್ರಿಯಾಪದದ ಕೊನೆಯ ಸಕಾರ ನುಂಗುವುದು. ಇವಿಷ್ಟು ಸರಿಹೋದರೆ ಕೇಳುವವರಿಗೆ ತೊಡಕಾಗುವ ತಪ್ಪುಗಳಲ್ಲಿ ದೊಡ್ಡ ಪಾಲು ಕಳೆಯಿತು.

ಫೋನೇ ಅನುವಾದ ಮಾಡುವಾಗ ಕಲಿಯುವ ಗೋಜೇಕೆ ಎಂಬವರಿಗೆ ಚಿಕ್ಕ ಉತ್ತರ: ಓದುವುದಕ್ಕೆ ಅದನ್ನು ಧಾರಾಳವಾಗಿ ಬಳಸಿ, ಆದರೆ ಸಂದರ್ಶನದಲ್ಲಿ ಫೋನು ಕೈಗೆ ಕೊಡುವುದಿಲ್ಲ. ಇಂಗ್ಲಿಷಿನ ಹಿಂದೆ ಬಿದ್ದರೆ ಕನ್ನಡದ ಗತಿ ಏನು ಎಂಬ ಆತಂಕ ಇದಕ್ಕಿಂತ ತೂಕದ್ದು. ಇಲ್ಲಿ ಹೇಳಿದ ದಾರಿ ಎಡಬದಿಯ ಕನ್ನಡ ವಾಕ್ಯದಿಂದ ಶುರುವಾಗುತ್ತದೆ. ಹೇಳಬೇಕಾದದ್ದನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಲು ಬಾರದವರಿಗೆ ಬಲಬದಿ ತುಂಬುವುದೂ ಕಷ್ಟ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದ, 2021ರಲ್ಲಿ 107ನೇ ವಯಸ್ಸಿನಲ್ಲಿ ತೀರಿಕೊಂಡ ಜಿ. ವೆಂಕಟಸುಬ್ಬಯ್ಯನವರ ಬಾಲ್ಯದ ಓದಿನ ಒಂದು ಭಾಗ ನಡೆದದ್ದು ಮಧುಗಿರಿಯಲ್ಲೇ. ಕನ್ನಡ ನಿಘಂಟಿಗೆ ಜೀವ ತೇದ ಅವರೇ ಕನ್ನಡಕ್ಕೆ ಬೇರೆ ಭಾಷೆಗಳಿಂದ ಬಂದ ಪದಗಳ ‘ಎರವಲು ಪದಕೋಶ’ವನ್ನೂ ಸಿದ್ಧಪಡಿಸಿದರು, ಎರಡು ಭಾಷೆ ಒಬ್ಬರಲ್ಲಿ ಜಗಳವಿಲ್ಲದೆ ಇರಬಲ್ಲವು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಿಘಂಟು ಕಲಿಯುವವರಿಗೆ ಬೇಡವೆಂದಲ್ಲ. ಬಲಬದಿಯಲ್ಲಿ ಒಂದು ಪದ ಹೊಳೆಯದಾಗ ಮಾತ್ರ ಅದನ್ನು ತೆರೆಯಬೇಕು. ಕನ್ನಡದಿಂದ ಇಂಗ್ಲಿಷಿಗೆ ಹೋಗಲು, ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ‘ಅಲರ್’ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ.

ನಗುತ್ತಾರೆಂಬ ಭಯಕ್ಕೆ ಮಾತ್ರ ಯಾವ ಸಂಶೋಧನೆಯಲ್ಲೂ ಮದ್ದಿಲ್ಲ. ಹತ್ತು ಜನರ ಮುಂದೆ ಮೊದಲ ದಿನವೇ ಮಾತಾಡಲು ಹೋಗದೆ, ತಮ್ಮಷ್ಟೇ ತಡವರಿಸುವ ಒಬ್ಬರನ್ನು ಜೊತೆಗೆ ಹಾಕಿಕೊಳ್ಳುವುದು ಒಂದು ಉಪಾಯ. ಒಬ್ಬರು ಗಿರಾಕಿ, ಒಬ್ಬರು ಮೆಕ್ಯಾನಿಕ್, ಮತ್ತೆ ಅದಲು ಬದಲು. ಹಣ ಕಟ್ಟಿ ಸ್ಪೋಕನ್ ಇಂಗ್ಲಿಷ್ ತರಗತಿಗೇ ಸೇರುವುದಾದರೆ ಸೇರಿ, ಅದರಲ್ಲಿ ತಪ್ಪೇನಿಲ್ಲ. ಫೀಸು ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: ಒಂದು ಗಂಟೆಯ ಪಾಠದಲ್ಲಿ ನಾನು ಬಾಯಿಬಿಟ್ಟು ಮಾತಾಡುವುದು ಎಷ್ಟು ನಿಮಿಷ? ಹದಿನೈದು ನಿಮಿಷಕ್ಕಿಂತ ಕಡಿಮೆ ಎಂದಾದರೆ ಆ ದುಡ್ಡನ್ನು ಉಳಿಸಿ, ಒಂದು ನೋಟ್‌ಬುಕ್ಕು ಮತ್ತು ಮೂರು ಲಕೋಟೆ ಕೊಳ್ಳಿ.